ದಾರಿ ಹೇಳುವ ಮೊಬೈಲು: ದೃಷ್ಟಿ ಕಳೆದುಕೊಂಡವರೂ ಅವರ ಮನೆಯವರೂ ತಿಳಿದಿರಬೇಕಾದ ವಿಷಯಗಳು



ಕಣ್ಣಿನ ದೃಷ್ಟಿ ಹೋದವರಿಗೆ ಮೊದಲು ಕಷ್ಟವಾಗುವುದು ಓಡಾಟ. ಊಟ, ಸ್ನಾನ, ಬಟ್ಟೆ ಇವೆಲ್ಲ ಕೆಲವು ತಿಂಗಳಲ್ಲಿ ರೂಢಿಯಾಗುತ್ತವೆ. ಆದರೆ ಮನೆಯ ಹೊಸಿಲು ದಾಟಿ ಬಸ್ ನಿಲ್ದಾಣಕ್ಕೆ ಹೋಗುವುದು, ಮೈಸೂರಿನ ಆಸ್ಪತ್ರೆಗೆ ಹೋಗಿಬರುವುದು, ಹಾಲಿನ ಡೇರಿಗೋ ಬ್ಯಾಂಕಿಗೋ ಹೋಗುವುದು ನಿಂತುಹೋಗುತ್ತದೆ. ಯಾರಾದರೂ ಜೊತೆಗೆ ಬಂದರೆ ಮಾತ್ರ ಹೊರಗೆ, ಇಲ್ಲದಿದ್ದರೆ ಜಗಲಿಯೇ ಗತಿ ಎಂಬಂತಾಗುತ್ತದೆ. ಜೊತೆಗೆ ಬರುವವರಿಗೂ ಹೊಲದ ಕೆಲಸ, ಕೂಲಿ, ಮಕ್ಕಳ ಶಾಲೆ ಇರುತ್ತವೆ. ಹೀಗಾಗಿ ಎಷ್ಟೋ ಜನ ಕಣ್ಣಿನ ಹನಿ ಮುಗಿದರೂ, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದರೂ ಆಸ್ಪತ್ರೆಗೆ ಬರುವುದನ್ನು ಮುಂದೂಡುತ್ತಾರೆ.

ಈಗ ಮಾತನಾಡುವ ಮೊಬೈಲುಗಳು ಬಂದಿವೆ. 'ಇನ್ನು ನೂರು ಅಡಿ ಹೋಗಿ ಬಲಕ್ಕೆ ತಿರುಗಿ' ಎಂದು ಕನ್ನಡದಲ್ಲೇ ಹೇಳುವ ಅಪ್ಲಿಕೇಶನ್‌ಗಳಿವೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಯಾವುದನ್ನು ಎಷ್ಟು ನಂಬಬೇಕು ಎಂಬುದನ್ನು ಈ ಪುಟಗಳಲ್ಲಿ ತಿಳಿಸಿದ್ದೇವೆ. ರೋಗಿಗಳು ಮನೆಯವರಿಂದ ಓದಿಸಿ ಕೇಳಿಸಿಕೊಳ್ಳಿ.

ಮೊದಲು ಕಣ್ಣಿನ ಸ್ಥಿತಿ ಖಚಿತವಾಗಲಿ

ಕಣ್ಣಿನ ಪೊರೆಯಿಂದ ದೃಷ್ಟಿ ಮಂದವಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಅಂಥವರಿಗೆ ಬೇಕಾಗಿರುವುದು ಮೊಬೈಲಲ್ಲ, ಶಸ್ತ್ರಚಿಕಿತ್ಸೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಉಳಿದಿರುವುದನ್ನು ಔಷಧಿಯಿಂದ ಕಾಪಾಡಿಕೊಳ್ಳಬಹುದು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗಿದ್ದರೂ ಉಳಿದ ದೃಷ್ಟಿಯನ್ನು ಕಾಪಾಡಲು ಚಿಕಿತ್ಸೆಯಿದೆ. ಆದ್ದರಿಂದ ಮೊದಲು ನೇತ್ರ ವೈದ್ಯರನ್ನು ಕಂಡು, 'ನನಗೆ ಎಷ್ಟು ದೃಷ್ಟಿ ಉಳಿದಿದೆ? ಅದು ಮರಳುತ್ತದೆಯೇ?' ಎಂದು ನೇರವಾಗಿ ಕೇಳಿ.

ಸ್ವಲ್ಪ ದೃಷ್ಟಿ ಉಳಿದಿರುವವರಿಗೆ ಮೊಬೈಲಿನ ಅಕ್ಷರವನ್ನು ದೊಡ್ಡದು ಮಾಡಿಕೊಂಡರೆ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇಟ್ಟುಕೊಂಡರೆ ಸಾಕಾಗಬಹುದು. ಪೂರ್ತಿ ಕಾಣದವರಿಗೆ ಮಾತನಾಡುವ ಮೊಬೈಲು ಬೇಕು. ಇಬ್ಬರಿಗೂ ಒಂದೇ ಸಲಹೆ ಹೊಂದುವುದಿಲ್ಲ.

ಕೋಲಿನ ಕೆಲಸ ಬೇರೆ, ಮೊಬೈಲಿನ ಕೆಲಸ ಬೇರೆ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೊಬೈಲು ನೀವು ಎಲ್ಲಿದ್ದೀರಿ, ಯಾವ ಕಡೆ ಹೋಗಬೇಕು ಎಂದು ಹೇಳುತ್ತದೆ. ನಿಮ್ಮ ಮುಂದಿನ ಹೆಜ್ಜೆಯಲ್ಲಿ ಏನಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಬಿಳಿ ಕೋಲು.

ಇದಕ್ಕೆ ಕಾರಣವಿದೆ. ಮೊಬೈಲು ನಮ್ಮ ಜಾಗವನ್ನು ತಿಳಿಯುವುದು ಜಿಪಿಎಸ್ ಎಂಬ ವ್ಯವಸ್ಥೆಯಿಂದ. ಭೂಮಿಯಿಂದ ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಂಕೇತ ಕಳುಹಿಸುತ್ತಿರುತ್ತವೆ. ಹಲವು ಉಪಗ್ರಹಗಳ ಸಂಕೇತ ತಲುಪಲು ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕಿ ಮೊಬೈಲು ತನ್ನ ಜಾಗ ಕಂಡುಕೊಳ್ಳುತ್ತದೆ. ಬಯಲಿನಲ್ಲಿ, ಆಕಾಶ ಚೆನ್ನಾಗಿ ತೆರೆದಿರುವಾಗ ಈ ಲೆಕ್ಕದಲ್ಲಿ ಸುಮಾರು 5 ಮೀಟರ್ ವ್ಯತ್ಯಾಸ ಬರುತ್ತದೆ. ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ, ಬಸ್ ನಿಲ್ದಾಣದ ಚಾವಣಿಯ ಕೆಳಗೆ ಇನ್ನೂ ಹೆಚ್ಚು.

5 ಮೀಟರ್ ಎಂದರೆ ಎಷ್ಟು? ನಮ್ಮ ಎಷ್ಟೋ ಹಳ್ಳಿಗಳ ರಸ್ತೆಗಳ ಅಗಲಕ್ಕಿಂತ ಹೆಚ್ಚು. ಅಂದರೆ ನೀವು ರಸ್ತೆಯ ಈ ಅಂಚಿನಲ್ಲಿದ್ದೀರೋ ಆ ಅಂಚಿನಲ್ಲಿದ್ದೀರೋ ಎಂಬುದು ಮೊಬೈಲಿಗೆ ಗೊತ್ತಾಗುವುದಿಲ್ಲ. ತೆರೆದ ಚರಂಡಿ, ನಿಲ್ಲಿಸಿದ ಟ್ರ್ಯಾಕ್ಟರು, ಮಲಗಿದ ಎಮ್ಮೆ, ನಿನ್ನೆ ತೋಡಿದ ಪೈಪಿನ ಗುಂಡಿ ಯಾವುದೂ ಅದರ ನಕ್ಷೆಯಲ್ಲಿ ಇರುವುದಿಲ್ಲ. ಕೋಲು ಬಿಟ್ಟು ಮೊಬೈಲು ಹಿಡಿದು ನಡೆದರೆ ಗುಂಡಿಗೆ ಬೀಳುವುದು ಖಂಡಿತ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಬಿಳಿ ಕೋಲು ಹಿಡಿದು ನಡೆಯಲು ಕಲಿಯಿರಿ. ಆಮೇಲೆ ಮೊಬೈಲು.

ಕೋಲಿನಲ್ಲೂ ಈಗ ಸುಧಾರಣೆಯಾಗಿದೆ. ದೆಹಲಿಯ ಐಐಟಿಯಲ್ಲಿ ರೂಪಿಸಿದ 'ಸ್ಮಾರ್ಟ್‌ಕೇನ್' ಎಂಬ ಸಾಧನ 2014ರಲ್ಲಿ ಬಳಕೆಗೆ ಬಂತು. ಇದನ್ನು ಬಿಳಿ ಕೋಲಿನ ಹಿಡಿಗೆ ಜೋಡಿಸುತ್ತಾರೆ. ಬಾವಲಿ ಕತ್ತಲಲ್ಲಿ ದಾರಿ ಕಂಡುಕೊಳ್ಳುವ ಹಾಗೆ ಇದು ಕಿವಿಗೆ ಕೇಳಿಸದ ಶಬ್ದವನ್ನು ಕಳುಹಿಸಿ, ಸುಮಾರು 3 ಮೀಟರ್ ಒಳಗೆ ಅಡ್ಡ ಇರುವ ವಸ್ತುವನ್ನು ಗುರುತಿಸಿ, ಹಿಡಿಯಲ್ಲಿ ನಡುಕದ ಮೂಲಕ ತಿಳಿಸುತ್ತದೆ. ಸಾಮಾನ್ಯ ಕೋಲಿಗೆ ತಾಗದ, ಮೊಣಕಾಲಿನಿಂದ ಮೇಲಿರುವ ವಸ್ತುಗಳಿಗೆ, ಅಂದರೆ ಬಾಗಿದ ಕೊಂಬೆ, ಲಾರಿಯ ಹಿಂಭಾಗ ಇಂಥವುಗಳಿಗೆ, ಇದು ಉಪಯುಕ್ತ. ನೆಲದ ಗುಂಡಿಯನ್ನು ಮಾತ್ರ ಕೋಲಿನ ತುದಿಯೇ ಕಂಡುಹಿಡಿಯಬೇಕು.

ಮೊಬೈಲು ಮಾತನಾಡುವಂತೆ ಮಾಡುವುದು

ಆಂಡ್ರಾಯ್ಡ್ ಮೊಬೈಲುಗಳಲ್ಲಿ 'ಟಾಕ್‌ಬ್ಯಾಕ್' ಎಂಬ ಸೌಲಭ್ಯವಿದೆ. ಇದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರವೇಶಿಸುವಿಕೆ ಎಂಬ ವಿಭಾಗದಲ್ಲಿ ಇದನ್ನು ಆನ್ ಮಾಡಬಹುದು. ಆನ್ ಮಾಡಿದ ಮೇಲೆ ಪರದೆಯ ಮೇಲೆ ಬೆರಳು ಇಟ್ಟ ಕಡೆ ಏನಿದೆ ಎಂದು ಮೊಬೈಲು ಓದಿ ಹೇಳುತ್ತದೆ. ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ಬೇಗ ತಟ್ಟಿದರೆ ತೆರೆಯುತ್ತದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದಕ್ಕೆ ಹೋಗುತ್ತದೆ. ಐಫೋನಿನಲ್ಲಿ ಇದೇ ಕೆಲಸವನ್ನು 'ವಾಯ್ಸ್‌ಓವರ್' ಮಾಡುತ್ತದೆ.

ಮನೆಯವರು ಇಲ್ಲೊಂದು ವಿಷಯ ಗಮನಿಸಬೇಕು. ಟಾಕ್‌ಬ್ಯಾಕ್ ಆನ್ ಆದ ಮೇಲೆ ಕಣ್ಣು ಕಾಣುವವರಿಗೆ ಮೊಬೈಲು ಕೆಟ್ಟುಹೋದಂತೆ ಅನಿಸುತ್ತದೆ. ಒಂದು ಸಲ ಮುಟ್ಟಿದರೆ ಏನೂ ತೆರೆಯುವುದಿಲ್ಲ. ಗಾಬರಿಯಾಗಿ ಅಂಗಡಿಗೆ ಒಯ್ದು ಅದನ್ನು ತೆಗೆಸಿಬಿಡಬೇಡಿ. ಹೆಚ್ಚಿನ ಮೊಬೈಲುಗಳಲ್ಲಿ ಧ್ವನಿ ಹೆಚ್ಚು ಕಡಿಮೆ ಮಾಡುವ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಆನ್ ಅಥವಾ ಆಫ್ ಆಗುವಂತೆ ಇಟ್ಟುಕೊಳ್ಳಬಹುದು.

ಹೊಸ ಮೊಬೈಲು ಕೊಳ್ಳುವಾಗ ಅಂಗಡಿಯಲ್ಲೇ ಟಾಕ್‌ಬ್ಯಾಕ್ ಆನ್ ಮಾಡಿಸಿ, ಕನ್ನಡ ಧ್ವನಿ ಹಾಕಿಸಿ, ಬಳಸುವವರ ಕೈಗೇ ಕೊಟ್ಟು ನೋಡಿ. ಧ್ವನಿ ಜೋರಾಗಿ ಕೇಳಿಸುತ್ತದೆಯೇ? ತಡವರಿಸದೆ ಓದುತ್ತದೆಯೇ? ಇಷ್ಟು ಸರಿಯಿದ್ದರೆ ದುಬಾರಿ ಮೊಬೈಲು ಬೇಕಾಗಿಲ್ಲ.

ಯಾವ ಅಪ್ಲಿಕೇಶನ್ ಯಾವ ಕೆಲಸಕ್ಕೆ?

1. ಗೂಗಲ್ ಮ್ಯಾಪ್ಸ್: ಹೆಚ್ಚಿನ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಮೊದಲೇ ಇರುತ್ತದೆ. ಕನ್ನಡದಲ್ಲಿ ದಾರಿ ಹೇಳುತ್ತದೆ. ಪಟ್ಟಣಗಳ ನಕ್ಷೆ ಚೆನ್ನಾಗಿದೆ. ಒಂದು ಕೊರತೆಯೆಂದರೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೂ ಇಂಟರ್‌ನೆಟ್ ಇಲ್ಲದಾಗ ವಾಹನದ ದಾರಿ ಮಾತ್ರ ಸಿಗುತ್ತದೆ, ನಡಿಗೆಯ ದಾರಿ ಸಿಗುವುದಿಲ್ಲ.

2. ಆಸ್ಮ್ಯಾಂಡ್: ನಕ್ಷೆಯನ್ನು ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡಿಗೆಯ ದಾರಿ ಹೇಳುತ್ತದೆ. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಂಥ, ನೆಟ್‌ವರ್ಕ್ ಬಂದು ಹೋಗುವ ಕಡೆಗಳಿಗೆ ಇದು ಅನುಕೂಲ. ಇದರ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು. ಅದನ್ನು ಸ್ವಯಂಸೇವಕರೇ ತಯಾರಿಸುತ್ತಾರೆ. ನಿಮ್ಮ ಊರಿನ ಬೀದಿಗಳು ಅದರಲ್ಲಿ ಇಲ್ಲದಿದ್ದರೆ ಕಾಲೇಜು ಓದುವ ಹುಡುಗರು ಸೇರಿಸಬಹುದು. ದೃಷ್ಟಿ ಇಲ್ಲದ ಅಜ್ಜನಿಗೆ ಮೊಮ್ಮಗ ಮಾಡಬಹುದಾದ ದೊಡ್ಡ ಸಹಾಯ ಇದು.

3. ಲಜಾರಿಲ್ಲೊ: ಅಂಧರಿಗಾಗಿಯೇ ಚಿಲಿ ದೇಶದಲ್ಲಿ ತಯಾರಾದ ಉಚಿತ ಅಪ್ಲಿಕೇಶನ್. ನಡೆದು ಹೋಗುವಾಗ ಸುತ್ತಮುತ್ತ ಯಾವ ಅಂಗಡಿ, ಯಾವ ಬ್ಯಾಂಕು, ಯಾವ ಅಡ್ಡರಸ್ತೆ ಬಂತು ಎಂದು ಹೇಳುತ್ತಾ ಹೋಗುತ್ತದೆ. ನಕ್ಷೆಯಲ್ಲಿ ಹೆಸರುಗಳು ತುಂಬಿರುವ ಮೈಸೂರು, ಬೆಂಗಳೂರಿನಲ್ಲಿ ಇದರಿಂದ ಹೆಚ್ಚು ಪ್ರಯೋಜನ. ಹಳ್ಳಿಯಲ್ಲಿ ಬಹಳಷ್ಟು ಹೊತ್ತು ಮೌನವಾಗಿರುತ್ತದೆ.

4. ಬಿ ಮೈ ಐಸ್: 2015ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾದ ಉಚಿತ ಸೇವೆ. ಕರೆ ಮಾಡಿದರೆ ಕಣ್ಣು ಕಾಣುವ ಸ್ವಯಂಸೇವಕರೊಬ್ಬರು ನಿಮ್ಮ ಮೊಬೈಲಿನ ಕ್ಯಾಮೆರಾ ಮೂಲಕ ನೋಡಿ ಹೇಳುತ್ತಾರೆ. ಬೋರ್ಡಿನಲ್ಲಿ ಏನು ಬರೆದಿದೆ, ಔಷಧಿಯ ಪಟ್ಟಿಯ ಮೇಲಿನ ದಿನಾಂಕ ಯಾವುದು ಇಂಥದ್ದಕ್ಕೆ ಒಳ್ಳೆಯದು. ರಸ್ತೆ ದಾಟಲು ಇದನ್ನು ಬಳಸಬಾರದು. ಕರೆ ಯಾವಾಗ ಬೇಕಾದರೂ ಕಡಿದುಹೋಗಬಹುದು. ಎಟಿಎಂ ಗುಪ್ತ ಸಂಖ್ಯೆ, ಬ್ಯಾಂಕಿನ ಕಾಗದ ತೋರಿಸಬೇಡಿ.

5. ವೇರ್ ಈಸ್ ಮೈ ಟ್ರೈನ್: ಕೆ.ಆರ್. ನಗರದಿಂದ ರೈಲಿನಲ್ಲಿ ಓಡಾಡುವವರಿಗೆ. ಕನ್ನಡದಲ್ಲೂ ಇದೆ. ರೈಲಿನೊಳಗೆ ಕುಳಿತಾಗ ಇಂಟರ್‌ನೆಟ್ ಇಲ್ಲದಿದ್ದರೂ ಮೊಬೈಲ್ ಟವರಿನ ಸಂಕೇತದಿಂದ ರೈಲು ಎಲ್ಲಿದೆ ಎಂದು ತಿಳಿಸುತ್ತದೆ. ಇಳಿಯುವ ನಿಲ್ದಾಣ ಹತ್ತಿರ ಬಂದಾಗ ಅಲಾರಂ ಹೊಡೆಯುವಂತೆ ಇಡಬಹುದು.

6. ವಾಟ್ಸಾಪಿನ ಲೈವ್ ಲೊಕೇಶನ್: ಇದು ದಾರಿ ಹೇಳುವುದಿಲ್ಲ, ಆದರೆ ನೀವು ಎಲ್ಲಿದ್ದೀರಿ ಎಂದು ಮನೆಯವರಿಗೆ ತೋರಿಸುತ್ತದೆ. 15 ನಿಮಿಷ, 1 ಗಂಟೆ ಅಥವಾ 8 ಗಂಟೆ ಎಂದು ಆರಿಸಿಕೊಳ್ಳಬಹುದು. ಪ್ರಯಾಣ ಮುಗಿದ ಮೇಲೆ ನಿಲ್ಲಿಸಿಬಿಡಬಹುದು.

ಮೈಸೂರಿನ 'ಧ್ವನಿ ಸ್ಪಂದನ'

ಬಸ್ಸಿನ ವಿಷಯದಲ್ಲಿ ಅಂಧರಿಗೆ ಇರುವ ದೊಡ್ಡ ತೊಂದರೆ ದಾರಿಯದಲ್ಲ, ಬೋರ್ಡಿನದು. ಬಂದು ನಿಂತ ಬಸ್ಸು ಯಾವುದು? ಬಾಗಿಲು ಎಲ್ಲಿದೆ? ಕೇಳುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಕೆಎಸ್‌ಆರ್‌ಟಿಸಿಯು 'ಧ್ವನಿ ಸ್ಪಂದನ' ಎಂಬ ವ್ಯವಸ್ಥೆಯನ್ನು 2023ರಲ್ಲಿ ಮೈಸೂರಿನ ಸುಮಾರು 200 ನಗರ ಬಸ್ಸುಗಳಿಗೆ ಅಳವಡಿಸಿತು. ಇದರ ಮೂಲವೂ ದೆಹಲಿ ಐಐಟಿಯ ಸಂಶೋಧನೆಯೇ.

ಅಂಧ ಪ್ರಯಾಣಿಕರ ಕೈಯಲ್ಲಿ ಒಂದು ಪುಟ್ಟ ಸಾಧನ ಇರುತ್ತದೆ. ಬಸ್ಸು ಸುಮಾರು 30 ಮೀಟರ್ ಒಳಗೆ ಬಂದಾಗ ಗುಂಡಿ ಒತ್ತಿದರೆ ಬಸ್ಸಿನ ಮಾರ್ಗ ಸಂಖ್ಯೆ ಕೇಳಿಸುತ್ತದೆ. ತಮಗೆ ಬೇಕಾದ ಬಸ್ಸನ್ನು ಆರಿಸಿಕೊಂಡರೆ ಆ ಬಸ್ಸಿನ ಬಾಗಿಲ ಬಳಿಯ ಸ್ಪೀಕರ್ ಸದ್ದು ಮಾಡುತ್ತದೆ. ಆ ಸದ್ದನ್ನು ಹಿಡಿದು ಬಾಗಿಲಿಗೆ ಹೋಗಬಹುದು. ಅಂಧರೊಬ್ಬರು ಹತ್ತಲಿದ್ದಾರೆ ಎಂದು ಚಾಲಕರಿಗೂ ತಿಳಿಯುತ್ತದೆ.

ಇದು ಮೈಸೂರಿನ ನಗರ ಬಸ್ಸುಗಳಿಗಾಗಿ ಮಾಡಿದ ವ್ಯವಸ್ಥೆ. ಹಳ್ಳಿಗಳಿಗೆ ಬರುವ ಬಸ್ಸುಗಳಲ್ಲಿ ಇದನ್ನು ನಿರೀಕ್ಷಿಸಬೇಡಿ. ಮೈಸೂರಿಗೆ ಆಗಾಗ ಹೋಗುವವರು ನಗರ ಬಸ್ ನಿಲ್ದಾಣದಲ್ಲಿ ವಿಚಾರಿಸಿ, ಸಾಧನ ಸಿಗುತ್ತದೆಯೇ, ನಿಮ್ಮ ಮಾರ್ಗದ ಬಸ್ಸಿನಲ್ಲಿ ಇದೆಯೇ ಎಂದು ತಿಳಿದುಕೊಂಡು ಆಮೇಲೆ ಅದನ್ನು ನೆಚ್ಚಿಕೊಳ್ಳಿ.

ಆರಿಸುವ ಮೊದಲು ಕೇಳಬೇಕಾದ ಆರು ಪ್ರಶ್ನೆಗಳು

ಯಾರೋ ಒಳ್ಳೆಯದು ಎಂದರೆಂದು ಹತ್ತು ಅಪ್ಲಿಕೇಶನ್ ಹಾಕಿಕೊಳ್ಳಬೇಡಿ. ಒಂದನ್ನೋ ಎರಡನ್ನೋ ಆರಿಸಿ ಚೆನ್ನಾಗಿ ಕಲಿಯಿರಿ. ಆರಿಸುವಾಗ ಹೀಗೆ ಕೇಳಿಕೊಳ್ಳಿ:

• ನನಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ವೇಗದಲ್ಲಿ ಮಾತನಾಡುತ್ತದೆಯೇ?

• ಟಾಕ್‌ಬ್ಯಾಕ್ ಆನ್ ಇದ್ದಾಗ ಎಲ್ಲ ಗುಂಡಿಗಳ ಹೆಸರೂ ಓದುತ್ತದೆಯೇ? ಕೆಲವು ಅಪ್ಲಿಕೇಶನ್‌ಗಳಲ್ಲಿ ಯಾವ ಗುಂಡಿ ಮುಟ್ಟಿದರೂ 'ಬಟನ್, ಬಟನ್' ಎಂದಷ್ಟೇ ಕೇಳಿಸುತ್ತದೆ. ಅಂಥದ್ದು ಬೇಡ.

• ಇಂಟರ್‌ನೆಟ್ ಹೋದಾಗ ಏನಾಗುತ್ತದೆ? ಜಿಪಿಎಸ್‌ಗೆ ಸಿಮ್ ಬೇಕಿಲ್ಲ, ಆದರೆ ನಕ್ಷೆ ಮೊಬೈಲಿನಲ್ಲಿ ಮೊದಲೇ ಇರಬೇಕು.

• ನಾನು ಹೋಗುವ ದಾರಿ ಅದರ ನಕ್ಷೆಯಲ್ಲಿ ಇದೆಯೇ? ಬೆಂಗಳೂರಿನಲ್ಲಿ ಚೆನ್ನಾಗಿರುವುದು ನಮ್ಮ ಹೋಬಳಿಯಲ್ಲಿ ಚೆನ್ನಾಗಿರಬೇಕೆಂದಿಲ್ಲ.

• ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ದಾರಿ ಹೇಳುವಾಗ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ದೂರದ ಪ್ರಯಾಣಕ್ಕೆ ಪವರ್ ಬ್ಯಾಂಕ್ ಇರಲಿ.

• ಇದು ನಾಳೆ ನಿಂತುಹೋದರೆ ನನಗೆ ಬೇರೆ ದಾರಿಯಿದೆಯೇ?

ಕೊನೆಯ ಪ್ರಶ್ನೆ ಅತಿಯಾದ ಅನುಮಾನವಲ್ಲ. ಮೈಕ್ರೋಸಾಫ್ಟ್ ಕಂಪನಿಯು ಅಂಧರಿಗಾಗಿ 'ಸೌಂಡ್‌ಸ್ಕೇಪ್' ಎಂಬ ಅಪ್ಲಿಕೇಶನ್ ಅನ್ನು 2018ರಲ್ಲಿ ಐಫೋನಿಗೆ ತಂದಿತ್ತು. ಹೋಗಬೇಕಾದ ಜಾಗ ಯಾವ ಕಡೆ ಇದೆಯೋ ಆ ಕಡೆಯಿಂದಲೇ ಸದ್ದು ಬಂದಂತೆ ಕಿವಿಗೆ ಕೇಳಿಸುತ್ತಿತ್ತು. ಬಹಳ ಜನ ಮೆಚ್ಚಿಕೊಂಡಿದ್ದರು. 2023ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಅದರ ಮೂಲ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ಬೇರೆಯವರು ಅದೇ ಮಾದರಿಯ ಹೊಸ ಅಪ್ಲಿಕೇಶನ್ ಮಾಡಿದರು. ಆದರೂ ಅದೊಂದನ್ನೇ ನಂಬಿದ್ದವರು ಮತ್ತೆ ಕಲಿಯಬೇಕಾಯಿತು. ಕೋಲು ಹಿಡಿಯುವ ವಿದ್ಯೆ, ಕಿವಿಗೊಟ್ಟು ದಾರಿ ತಿಳಿಯುವ ವಿದ್ಯೆ ಹೀಗೆ ನಿಂತುಹೋಗುವುದಿಲ್ಲ.

ಒಂದು ಉದಾಹರಣೆ

ರಾವಂದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಗ್ಲಾಕೋಮಾದಿಂದ ದೃಷ್ಟಿ ಹೋದ ಅರವತ್ತು ವರ್ಷದ ಹಿರಿಯರೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಅವರ ಪ್ರಯಾಣವನ್ನು ನಾಲ್ಕು ತುಂಡು ಮಾಡಿ ನೋಡೋಣ.

ಮನೆಯಿಂದ ಬಸ್ ಸ್ಟಾಪಿನವರೆಗೆ ಕೋಲು ಸಾಕು. ಅರಳಿಕಟ್ಟೆ ಎಷ್ಟು ಹೆಜ್ಜೆ, ಹಿಟ್ಟಿನ ಗಿರಣಿಯ ಸದ್ದು ಯಾವ ಕಡೆ, ಡೇರಿಯ ಮುಂದೆ ಸಿಮೆಂಟ್ ನೆಲ ಎಲ್ಲಿ ಶುರುವಾಗುತ್ತದೆ ಎಂಬುದು ಅವರಿಗೆ ಮೊಬೈಲಿಗಿಂತ ಚೆನ್ನಾಗಿ ಗೊತ್ತು.

ಬಸ್ಸಿನಲ್ಲಿ ಕಂಡಕ್ಟರಿಗೆ ಇಳಿಯುವ ಜಾಗ ಮೊದಲೇ ಹೇಳಿ, ಕಿಟಕಿಯ ಪಕ್ಕ ಕೂರಬೇಕು. ಅಲ್ಲಿ ಜಿಪಿಎಸ್ ಚೆನ್ನಾಗಿ ಸಿಗುತ್ತದೆ. ಇಳಿಯುವ ನಿಲ್ದಾಣವನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಹಾಕಿಕೊಂಡರೆ ಹುಣಸೂರು ದಾಟಿತೇ, ಇನ್ನೆಷ್ಟು ದೂರ ಎಂದು ಯಾರನ್ನೂ ಕೇಳದೆ ತಿಳಿಯುತ್ತದೆ. ಕಂಡಕ್ಟರು ಜನಸಂದಣಿಯಲ್ಲಿ ಮರೆತರೂ ಮೊಬೈಲು ಮರೆಯುವುದಿಲ್ಲ. ಮೊಬೈಲು ನಿಂತರೂ ಕಂಡಕ್ಟರು ಇರುತ್ತಾರೆ.

ಮೈಸೂರಿನಲ್ಲಿ ಇಳಿದ ಮೇಲೆ ನಿಲ್ದಾಣದ ಒಳಗೆ ಮೊಬೈಲು ನಂಬಬಾರದು. ಚಾವಣಿ, ಬಸ್ಸುಗಳ ಓಡಾಟ, ಗದ್ದಲ. ಅಲ್ಲಿ ಮನುಷ್ಯರ ಸಹಾಯವೇ ಸರಿ. 'ಸ್ವಲ್ಪ ಹೊರಗಿನ ಗೇಟಿನವರೆಗೆ ಬಿಡ್ತೀರಾ?' ಎಂದು ಕೇಳಲು ಸಂಕೋಚ ಬೇಡ. ಬಿಳಿ ಕೋಲು ಕೈಯಲ್ಲಿದ್ದರೆ ಜನರಿಗೆ ಬೇಗ ಅರ್ಥವಾಗುತ್ತದೆ.

ಕೊನೆಯ ತುಂಡು, ಆಸ್ಪತ್ರೆಯವರೆಗೆ. ಗೊತ್ತಿರುವ ಆಟೋದವರಿದ್ದರೆ ಆಟೋ, ಇಲ್ಲವೇ ನಗರ ಬಸ್ಸು. ಆಟೋದಲ್ಲಿ ಕುಳಿತಾಗಲೂ ಮ್ಯಾಪ್ಸ್ ಆನ್ ಇದ್ದರೆ ಸರಿಯಾದ ದಾರಿಯಲ್ಲೇ ಹೋಗುತ್ತಿದ್ದೇವೆಂಬ ಧೈರ್ಯ ಇರುತ್ತದೆ.

ಹೀಗೆ ನಿಮ್ಮ ನಿಮ್ಮ ಪ್ರಯಾಣವನ್ನೂ ತುಂಡು ಮಾಡಿಕೊಂಡು, ಯಾವ ತುಂಡಿಗೆ ಯಾವ ಸಹಾಯ ಎಂದು ನಿರ್ಧರಿಸಿ. ಸಾಧನ ಆರಿಸುವ ಸರಿಯಾದ ಕ್ರಮ ಇದು.

ಅಭ್ಯಾಸ ಮಾಡುವ ಕ್ರಮ

ಮೊದಲ ವಾರ ಮನೆಯಲ್ಲೇ ಕುಳಿತು ಟಾಕ್‌ಬ್ಯಾಕ್ ಕಲಿಯಿರಿ. ಫೋನ್ ಮಾಡುವುದು, ಕತ್ತರಿಸುವುದು, ಸಮಯ ಕೇಳುವುದು ಸರಾಗವಾಗಲಿ. ಆಮೇಲೆ ಜೊತೆಗಾರರೊಂದಿಗೆ ಗೊತ್ತಿರುವ ದಾರಿಯಲ್ಲೇ ಮೊಬೈಲಿನ ಮಾತು ಕೇಳುತ್ತಾ ನಡೆಯಿರಿ. ಗೊತ್ತಿರುವ ದಾರಿಯಲ್ಲಿ ಕೇಳಿದರೆ ಅದು ಎಲ್ಲಿ ತಪ್ಪುತ್ತದೆ ಎಂದು ತಿಳಿಯುತ್ತದೆ. ನಿಂತಲ್ಲೇ ನಿಂತಾಗ ನಿಮ್ಮ ಮುಖ ಯಾವ ಕಡೆಗಿದೆ ಎಂಬುದು ಮೊಬೈಲಿಗೆ ಸರಿಯಾಗಿ ತಿಳಿಯದು. ಕೆಲವು ಹೆಜ್ಜೆ ನಡೆದ ಮೇಲೆ ಸರಿಹೋಗುತ್ತದೆ. ಮುಂದಿನ ಹಂತದಲ್ಲಿ ಜೊತೆಗಾರರು ಹತ್ತು ಹೆಜ್ಜೆ ಹಿಂದೆ, ಮಾತನಾಡದೆ ಬರಲಿ. ಆಮೇಲೆ ಒಬ್ಬರೇ.

ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬೇಡಿ. ವಾಹನದ ಸದ್ದು ಕೇಳಿಸಬೇಕು. ಈಗಿನ ಬ್ಯಾಟರಿ ಸ್ಕೂಟರುಗಳಿಗೆ ಸದ್ದೇ ಕಡಿಮೆ. ಮೊಬೈಲನ್ನು ಕೊರಳಿಗೆ ದಾರ ಹಾಕಿ ತೂಗಿಕೊಂಡರೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಖಾಲಿ ಇರುತ್ತದೆ. ರಸ್ತೆ ದಾಟುವಾಗ ಮೊಬೈಲಿನ ಮಾತು ನಿಲ್ಲಿಸಿ, ಕಿವಿಯನ್ನು ಪೂರ್ತಿ ರಸ್ತೆಗೆ ಕೊಡಿ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದನ್ನೂ ಅಭ್ಯಾಸ ಮಾಡಿಸಿ.

ಮನೆಯವರಿಗೆ ಎರಡು ಮಾತು

ಬಿದ್ದುಬಿಡುತ್ತಾರೆ ಎಂಬ ಭಯದಿಂದ ನೀವು ತಡೆಯುತ್ತೀರಿ. ಭಯ ಸಹಜ. ಆದರೆ ಕುಳಿತಲ್ಲೇ ಕುಳಿತವರಿಗೆ ಕಾಲಿನ ಶಕ್ತಿ ಕುಂದುತ್ತದೆ, ಸಕ್ಕರೆ ಏರುತ್ತದೆ, ಮನಸ್ಸು ಕುಗ್ಗುತ್ತದೆ. ಇದನ್ನು ವಾರ್ಡಿನಲ್ಲಿ ನಾವು ನೋಡುತ್ತಲೇ ಇರುತ್ತೇವೆ. ತಡೆಯುವ ಬದಲು ಕಲಿಯಲು ನೆರವಾಗಿ. ಜೊತೆಯಲ್ಲಿ ಕರೆದೊಯ್ಯುವಾಗ ಅವರ ಕೈ ಹಿಡಿದು ಎಳೆಯಬೇಡಿ, ಹಿಂದಿನಿಂದ ತಳ್ಳಬೇಡಿ. ಅವರೇ ನಿಮ್ಮ ತೋಳನ್ನು ಮೊಣಕೈಯ ಮೇಲೆ ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರಲಿ. ಮೆಟ್ಟಿಲು ಬಂದರೆ 'ಮೆಟ್ಟಿಲು, ಮೇಲಕ್ಕೆ' ಎಂದು ಹೇಳಿ.

ಎಲ್ಲಿ ವಿಚಾರಿಸಬೇಕು?

ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅಂಗವಿಕಲರ ಗುರುತಿನ ಚೀಟಿ, ಬಸ್ ಪಾಸು, ಬಿಳಿ ಕೋಲು ಮತ್ತು ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯ ಸಾಧನಗಳ ಬಗ್ಗೆ ಅವರನ್ನು ಕೇಳಿ. ಕೋಲಿನ ನಡಿಗೆ ಮತ್ತು ಮೊಬೈಲಿನ ತರಬೇತಿಯ ಬಗ್ಗೆ ಬೆಂಗಳೂರಿನ ಮಿತ್ರಜ್ಯೋತಿ, ರಾಷ್ಟ್ರೀಯ ಅಂಧರ ಸಂಸ್ಥೆಯ ಕರ್ನಾಟಕ ಶಾಖೆ ಮುಂತಾದ ಸಂಸ್ಥೆಗಳಲ್ಲಿ ವಿಚಾರಿಸಬಹುದು. ದೃಷ್ಟಿ ಇಲ್ಲದ ಮಕ್ಕಳಿದ್ದರೆ ಮೈಸೂರಿನ ತಿಲಕ್‌ನಗರದಲ್ಲಿ ಸರ್ಕಾರಿ ಅಂಧ ಮಕ್ಕಳ ಶಾಲೆಯಿದೆ. ಮಗುವನ್ನು ಮನೆಯಲ್ಲಿ ಕೂರಿಸಬೇಡಿ.

ಮುಂದಿನ ಸಲ ತಪಾಸಣೆಗೆ ಬರುವಾಗ ನಿಮ್ಮ ಮೊಬೈಲನ್ನು ತನ್ನಿ. ಹೊರರೋಗಿ ವಿಭಾಗದಲ್ಲಿ ನಮ್ಮ ಶುಶ್ರೂಷಕಿಯರನ್ನು ಕೇಳಿದರೆ ಟಾಕ್‌ಬ್ಯಾಕ್ ಆನ್ ಮಾಡಿ, ಮೊದಲ ನಾಲ್ಕು ಹೆಜ್ಜೆ ಕಲಿಸಿಕೊಡುತ್ತೇವೆ.